ಊಟಕ್ಕೆ ಮೊದಲು ಒಂದು ಗುಳಿಗೆ

ಅಥಣಿ
11 ಜೂನ್ 2024

ಸುಗಂಧಾ,

ಫೋನು ಮಾಡದೆ ಅಕ್ಕ ಇದೇನು ಕಾಗದ ಬರೆದಳು ಎಂದುಕೊಳ್ಳಬೇಡ. ನಮ್ಮ ಮನೆಯಲ್ಲಿ ಫೋನೆಂದರೆ ಪಡಸಾಲೆಯ ಮಾತು. ನಾನು ಹಲೋ ಎಂದ ಕೂಡಲೇ ಅತ್ತೆ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. ಇದು ನಿನಗೊಬ್ಬಳಿಗೇ ಹೇಳುವ ವಿಷಯ. ಶಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನೀನೂ ಶಾಲೆಯ ವಿಳಾಸಕ್ಕೇ ಬರೆ.

ಹೋದ ಭಾನುವಾರ ನಮ್ಮ ಕಾಜಲಳನ್ನು ನೋಡಲು ಕಾಗವಾಡದಿಂದ ಬಂದಿದ್ದರು. ಹುಡುಗನ ಹೆಸರು ಸುಹಾಸ, ಬ್ಯಾಂಕಿನಲ್ಲಿ ಕೆಲಸ. ಕಾಜಲಳಿಗೂ ಇಷ್ಟವಾದಂತೆ ಕಂಡಿತು. ಅವನ ತಾಯಿ ಅವಲಕ್ಕಿ ತಿನ್ನುತ್ತ ಮೊದಲು ನನ್ನ ಮಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಬಹಳ ಹೊತ್ತು ನೋಡಿದರು. "ಹುಡುಗಿ ಈಗೇನೋ ಸಣ್ಣಾಕಿ ಅದಾಳ್ರಿ. ಆದ್ರ ತಾಯಿ ಮೈಕಟ್ಟು ಬಂದ್ರ ಏನ್ ಮಾಡೂದು? ಮುಂದ ಹಿಂಗಾದ್ರ?" ಎಂದರು. 'ಹಿಂಗ' ಎನ್ನುವಾಗ ಅವರ ಕೈ ನನ್ನ ಕಡೆ ಇತ್ತು.

ನಿನ್ನ ಭಾವ ಒಂದು ಮಾತಾಡಬಹುದಿತ್ತು. ಆಡಿದರು. "ಇಕಿಗೆ ಗಾಳಿ ಕುಡದ್ರೂ ಮೈ ಹತ್ತತೈತ್ರಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ನನಗೆ ಈಗ ಉರಿಯುತ್ತಿರುವುದು. ಈ ತಾಲೂಕಿನ ಎಷ್ಟು ಮಕ್ಕಳಿಗೆ ನಾನು ಗಣಿತ ಕಲಿಸಿದ್ದೇನೋ ಲೆಕ್ಕವಿಲ್ಲ. ಆ ದಿನ ಆ ಪಡಸಾಲೆಯಲ್ಲಿ ನಾನು ಶಿಕ್ಷಕಿಯಲ್ಲ, ತಾಯಿಯಲ್ಲ, ಮಗಳ ಮದುವೆಗೆ ಅಡ್ಡ ಬಂದ ಒಂದು ದಪ್ಪ ಮೈ ಅಷ್ಟೇ. "ವಿಚಾರ ಮಾಡಿ ಹೇಳ್ತೇವ್ರಿ" ಎಂದು ಎದ್ದು ಹೋದರು.

ನಿಮ್ಮ ಕಂಪನಿ ಚಿಕ್ಕೋಡಿಯಲ್ಲಿ ಹೆಂಗಸರ ಬೊಜ್ಜಿಗೆ ಹಸಿರು ಚಹಾದ ಗುಳಿಗೆ ಕೊಟ್ಟು ನೋಡುತ್ತಿದೆ ಎಂದು ಯುಗಾದಿಗೆ ಬಂದಾಗ ಹೇಳಿದ್ದೆಯಲ್ಲ. ನನ್ನ ಹೆಸರು ಬರೆಸು.

ರಾಜಮತಿ

*

ಪುಣೆ
20 ಜೂನ್ 2024

ಅಕ್ಕಾ,

ಆ ಹೆಂಗಸಿನ ಮಾತು ಓದಿ ಮೈಯೆಲ್ಲ ಉರಿಯಿತು. ಆದರೆ ನೀನು ಕೊನೆಯಲ್ಲಿ ಬರೆದ ಸಾಲಿನಿಂದ ಖುಷಿಯೂ ಆಯಿತು. ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೆ.

ನಿನ್ನ ಹೆಸರನ್ನು ಚಿಕ್ಕೋಡಿಯ ಕೇಂದ್ರಕ್ಕೆ ತಿಳಿಸಿದ್ದೇನೆ. ಅಲ್ಲಿಯ ಡಾಕ್ಟರು ನೋಡಿಕೊಳ್ಳುತ್ತಾರೆ, ನಾನು ಇಲ್ಲಿಂದ ನಾಲ್ಕಾರು ಊರುಗಳ ಕೇಂದ್ರಗಳಿಗೆ ಗುಳಿಗೆ ಕಳಿಸುವುದು, ವರದಿ ತರಿಸುವುದು ಮಾಡುತ್ತೇನೆ. ಅರ್ಧ ಹೆಂಗಸರಿಗೆ ಚಹಾ ಎಲೆಯ ಸಾರ ತುಂಬಿದ ಗುಳಿಗೆ, ಉಳಿದರ್ಧಕ್ಕೆ ಏನೂ ಇಲ್ಲದ ಸುಮ್ಮನೆಯ ಗುಳಿಗೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಕೊನೆಯಲ್ಲಿ ಎರಡೂ ಗುಂಪಿನ ತೂಕ ಹೋಲಿಸುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು, ಊಟಕ್ಕೆ ಮೊದಲು. ಇದು ಔಷಧವೂ ಅಲ್ಲ ಅಕ್ಕಾ, ಚಹಾ. ಹೆದರುವಂಥದ್ದೇನಿಲ್ಲ.

ಒಂದೇ ಮಾತು. ನಡುವೆ ಬಿಡಬೇಡ. ವಾಕಿಂಗ್ ಶುರು ಮಾಡಿ ಬಿಟ್ಟೆ, ಯೋಗ ಶುರು ಮಾಡಿ ಬಿಟ್ಟೆ. ಈ ಸಲ ನನ್ನ ಮರ್ಯಾದೆಯೂ ಇದೆ.

ನಿನ್ನ ಸುಗಂಧಾ

*

ಅಥಣಿ
28 ಜುಲೈ 2024

ಸುಗಂಧಾ,

ಎರಡು ಸಲ ಚಿಕ್ಕೋಡಿಗೆ ಹೋಗಿ ಬಂದೆ. ತೂಕ ಇಳಿಯುತ್ತಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಏಕೆಂದರೆ ನೀನು ಮೊದಲು ಹುಡುಕುವುದು ಇದನ್ನೇ.

ತೂಕದ ಯಂತ್ರವನ್ನು ಹೊರಗಿನ ಹಾಲ್‌ನಲ್ಲೇ ಇಟ್ಟಿದ್ದಾರೆ. ಗೋಡೆಗುಂಟ ಕುಳಿತ ಎಲ್ಲ ಹೆಂಗಸರಿಗೂ ಕೇಳುವಂತೆ ಒಬ್ಬ ತೂಕ ಕೂಗುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಹರಾಜಿಗೆ ಬಂದ ಬೆಲ್ಲದ ಪೆಂಟಿಗಳ ಹಾಗೆ ನಾವು ಒಬ್ಬೊಬ್ಬರೇ ಏರಿ ಇಳಿಯಬೇಕು. ರಾಯಬಾಗದ ಕಡೆಯವಳೊಬ್ಬಳು ಸಪನಾ ಎಂದು ಬರುತ್ತಾಳೆ. ಕಂಡವರ ಹೊಲದಲ್ಲಿ ಕಳೆ ತೆಗೆಯುವ ಕೆಲಸ. ಮೂರನೆಯ ಹೆರಿಗೆಯ ಮೇಲೆ ಮೈ ಬಂತಂತೆ. ಅವಳು ಯಂತ್ರದ ಮೇಲೆ ನಿಂತು, "ಅಷ್ಟ ಜೋರಾಗಿ ಯಾಕ್ ಒದರ್ತೀರಿ ಸಾಹೇಬ್ರ, ನಾನೇನ ಮಾರಾಕ ಬಂದೀನೇನ?" ಎಂದಳು. ನನಗೆ ಅವಳು ಅಲ್ಲಿಯೇ ಇಷ್ಟವಾದಳು. ಡಾಕ್ಟರು ಮಾತ್ರ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಆ ರಾಯಬಾಗದಾಕಿ" ಎನ್ನುತ್ತಾರೆ.

ಅವಳಿಗೆ ಬೆಳಗಾದರೆ ಹೊಟ್ಟೆ ತೊಳಸುತ್ತದಂತೆ, ಊಟ ಸೇರುವುದಿಲ್ಲವಂತೆ. ಇದು ಸಹಜವೇ? ಅವಳ ಪರವಾಗಿ ಕೇಳುತ್ತಿದ್ದೇನೆ, ನಾನು ಚೆನ್ನಾಗಿದ್ದೇನೆ.

ಸೆಪ್ಟೆಂಬರಿನಲ್ಲಿ ದಶಲಕ್ಷಣ ಪರ್ವ ಬರುತ್ತದೆ. ಪ್ರತಿವರ್ಷದಂತೆ ಹತ್ತೂ ದಿನ ಒಂದೇ ಊಟ ಮಾಡುವವಳು ನಾನು, ಕೊನೆಯ ದಿನ ಅದೂ ಇಲ್ಲ. ಆಗ ಗುಳಿಗೆ ಹೇಗೆ ಎಂದು ಡಾಕ್ಟರನ್ನು ಕೇಳಿದೆ. "ಪುಣೇಕ್ ಕೇಳ್ರಿ" ಎಂದರು. ಕೇಳುತ್ತಿದ್ದೇನೆ.

ರಾಜಮತಿ

*

ಪುಣೆ
8 ಆಗಸ್ಟ್ 2024

ಅಕ್ಕಾ,

ಚಿಕ್ಕೋಡಿಯ ಕೇಂದ್ರದಲ್ಲಿ ನಿನ್ನಷ್ಟು ಬೇಗ ತೂಕ ಇಳಿದವರು ಯಾರೂ ಇಲ್ಲ ಎಂದು ಅಲ್ಲಿಯ ಹುಡುಗ ಫೋನಿನಲ್ಲಿ ಹೇಳಿದ. ಕಾಗವಾಡದವರು ಮುಂದಿನ ಸಲ ಬಂದಾಗ ಅವಲಕ್ಕಿ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು.

ನಿನ್ನ ಗೆಳತಿಗೆ ಆಗುತ್ತಿರುವುದು ಮೊದಮೊದಲು ಕೆಲವರಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಪರ್ವದ ಬಗ್ಗೆ ಆಫೀಸಿನಲ್ಲಿ ವಿಚಾರಿಸಿದ್ದೇನೆ. ತೊಂದರೆಯಿಲ್ಲವಂತೆ. ಕಾಯಿಸಿ ಆರಿಸಿದ ನೀರಿನಲ್ಲಿ ನುಂಗು, ವ್ರತಕ್ಕೂ ಭಂಗವಾಗುವುದಿಲ್ಲ. ಒಂದು ದಿನವೂ ತಪ್ಪಿಸಬೇಡ.

ಬರುವ ವರ್ಷ ನನಗೆ ಬಡ್ತಿ ಸಿಗಬಹುದು. ನಿನಗೆ ಮೊದಲು ಹೇಳುತ್ತಿದ್ದೇನೆ.

ಸುಗಂಧಾ

*

ಅಥಣಿ
23 ಸೆಪ್ಟೆಂಬರ್ 2024

ಸುಗಂಧಾ,

ಪರ್ವ ಸಾಂಗವಾಗಿ ಮುಗಿಯಿತು. ನಮ್ಮ ಪದ್ಧತಿಯಂತೆ ಎಲ್ಲರಲ್ಲೂ ಕ್ಷಮೆ ಕೇಳಿದೆ, ನಿನ್ನಲ್ಲೂ ಕೇಳುತ್ತೇನೆ.

ಗುಳಿಗೆ ಬಿಟ್ಟಿದ್ದೇನೆ. ಚಿಕ್ಕೋಡಿಗೆ ಇನ್ನು ಹೋಗುವುದಿಲ್ಲ. ಕಾರಣ ಕೇಳಬೇಡ. ನಿನಗೆ ಬಡ್ತಿ ಸಿಗಲಿ.

ಅಕ್ಕ

*

ಪುಣೆ
2 ಅಕ್ಟೋಬರ್ 2024

ಅಕ್ಕಾ,

ಕಾರಣ ಕೇಳುವುದಿಲ್ಲ, ನನಗೆ ಗೊತ್ತಿದೆ. ಭಾವ ಏನೋ ಅಂದಿರುತ್ತಾರೆ, ಇಲ್ಲ ಅತ್ತೆ ವ್ರತದಲ್ಲಿ ಗುಳಿಗೆ ಯಾಕೆ ಎಂದಿರುತ್ತಾರೆ. ನೀನು ತಲೆ ಬಾಗಿಸಿರುತ್ತೀಯ. ನಾಲ್ಕು ಜನ ನಿನ್ನನ್ನು ನೋಡಿ ನಗುವುದು ನಿನಗೆ ಅಭ್ಯಾಸವಾಗಿ ಹೋಗಿದೆ. ಇಳಿಯುತ್ತಿದ್ದ ತೂಕವನ್ನು ಕೈಯಾರೆ ಬಿಟ್ಟುಕೊಟ್ಟೆ. ಕಾಜಲಳ ಮದುವೆ ಇದರಿಂದ ತಪ್ಪಿದರೆ ಅದರಲ್ಲಿ ನಿನ್ನ ಪಾಲೂ ಇರುತ್ತದೆ ಎಂದು ಹೇಳದೆ ಇರಲಾರೆ.

ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾಳೆ ಎಂದು ಚಿಕ್ಕೋಡಿಯಿಂದ ವರದಿ ಬಂದಾಗ ನನ್ನ ಸಾಹೇಬರು ನನ್ನ ಮುಖ ನೋಡಿದರು. ನಿಮ್ಮ ಅಕ್ಕನೇ ಹೀಗಾದರೆ ಉಳಿದವರ ಗತಿಯೇನು ಎಂದರು.

ಸುಗಂಧಾ

*

ಅಥಣಿ
3 ನವೆಂಬರ್ 2024

ಸುಗಂಧಾ,

ನಿನ್ನ ಕಾಗದವನ್ನು ಕಾಜಲ ಶಾಲೆಯಿಂದ ತಂದು ಮಿರಜಿನ ಆಸ್ಪತ್ರೆಯ ಹಾಸಿಗೆಯ ಮೇಲೆ ನನಗೆ ಕೊಟ್ಟಳು. ನನ್ನ ಕೈಗೆ ಸಲೈನ್ ಹಚ್ಚಿದ್ದರು, ಅವಳೇ ಓದಿ ಹೇಳಿದಳು. "ನಿನ್ನ ಪಾಲೂ ಇರುತ್ತದೆ" ಎನ್ನುವಲ್ಲಿಗೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿದಳು. ನಾನು ಪೂರ್ತಿ ಓದಿಸಿದೆ.

ಈಗ ಕಾರಣ ಕೇಳು.

ಜುಲೈನಲ್ಲಿ ಹೊಟ್ಟೆ ತೊಳಸುತ್ತಿದ್ದದ್ದು ಸಪನಾಗೆ ಮಾತ್ರವಲ್ಲ, ನನಗೂ. ನಿನ್ನ ಕೆಲಸದ ಮೇಲೆ ನನ್ನಿಂದ ಕಲ್ಲು ಬೀಳಬಾರದೆಂದು ಅವಳ ಹೆಸರು ಮುಂದೆ ಮಾಡಿದೆ. ಪರ್ವದಲ್ಲಿ ಮಧ್ಯಾಹ್ನ ಒಂದೇ ಊಟ. ಬೆಳಿಗ್ಗೆಯದನ್ನೂ ಸಂಜೆಯದನ್ನೂ ಬರಿ ಹೊಟ್ಟೆಯಲ್ಲಿ ನೀರು ಕುಡಿದು ನುಂಗಿದೆ. ಒಂದು ದಿನವೂ ತಪ್ಪಿಸಬೇಡ ಎಂದಿದ್ದೆಯಲ್ಲ, ತಪ್ಪಿಸಲಿಲ್ಲ. ಪಾರಣೆಯ ದಿನ ಎಲೆಯ ಮುಂದೆ ಕುಳಿತರೆ ತುತ್ತು ಎತ್ತಲು ಆಗಲಿಲ್ಲ. ಕಾಜಲ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಆಯಿ, ನಿನ್ನ ಕಣ್ಣ ಅರಿಷಿಣದಂಗ ಆಗ್ಯಾವು" ಎಂದಳು.

ಚಿಕ್ಕೋಡಿಗೆ ಹೋದೆವು. ನಾನು ಗೋಡೆ ಹಿಡಿದು ಒಳಗೆ ಹೋದೆ. ಅವರು ಮೊದಲು ಮಾಡಿದ್ದೇನು ಹೇಳಲೇ? ತೂಕ ನೋಡಿದರು. ಆಮೇಲೆ ಡಾಕ್ಟರು, "ಉಪವಾಸ ಮಾಡಿ ಪಿತ್ತ ಏರಿಸ್ಕೊಂಡೀರಿ ಬಾಯಾರ. ನಿಮ್ಮ ಧರ್ಮಾನ ನಾವೇನ್ ಬ್ಯಾಡ ಅನ್ನಾಕ ಬರತೈತೇನ್ರಿ? ಇದು ನಮ್ಮ ಗುಳಿಗಿದ್ದಲ್ಲ" ಎಂದರು. ನನ್ನ ವ್ರತ ನನ್ನ ತಾಯಿ, ಅಜ್ಜಿ, ಅವರ ಅಜ್ಜಿ ಮಾಡಿಕೊಂಡು ಬಂದದ್ದು. ಒಬ್ಬರ ಕಣ್ಣೂ ಹಳದಿಯಾಗಿರಲಿಲ್ಲ. ಹಾಗೆಂದರೆ ಅವರು ನಕ್ಕರು. "ಒಂದ್ ಸಹಿ ಮಾಡ್ರಿ, ಸ್ವಂತ ಇಚ್ಛಾದಿಂದ ಬಿಟ್ಟೀನಿ ಅಂತ." ನಿಲ್ಲುವ ಶಕ್ತಿ ಇರಲಿಲ್ಲ, ಮಾಡಿದೆ. ಮನೆಗೆ ಬಂದು ನಿನಗೆ ಆ ನಾಲ್ಕು ಸಾಲು ಬರೆದೆ. ಮರುದಿನ ಮಿರಜಿಗೆ ಒಯ್ದರು.

ಅಲ್ಲಿಯ ಡಾಕ್ಟರಮ್ಮ ಗುಳಿಗೆಯ ಡಬ್ಬಿ ನೋಡಿ ತಲೆ ಹಿಡಿದುಕೊಂಡರು. ಚಹಾ ಕುಡಿಯುವುದು ಬೇರೆ, ಎಲೆಯ ಸಾರವನ್ನು ಹಿಂಡಿ ಹಿಂಡಿ ಗಟ್ಟಿ ಮಾಡಿ ಗುಳಿಗೆಯಲ್ಲಿ ತುಂಬುವುದು ಬೇರೆ, ಕೆಲವರ ಲಿವರ್ ಅದನ್ನು ತಾಳುವುದಿಲ್ಲ, ಬರಿ ಹೊಟ್ಟೆಯಲ್ಲಿ ನುಂಗಿದರೆ ಅಪಾಯ ಇನ್ನೂ ಹೆಚ್ಚು ಎಂದು ಬಿಡಿಸಿ ಹೇಳಿದರು. ಇನ್ನಷ್ಟು ದಿನ ನುಂಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಸಪನಾಗೂ ಕಾಮಣಿ ಆಗಿದೆ, ಅವಳ ಕಣ್ಣೂ ಹಳದಿ. ಅವಳಿಗೆ ವ್ರತವೂ ಇಲ್ಲ, ಉಪವಾಸವೂ ಇಲ್ಲ. ಬೆಳಕು ಹರಿಯುವ ಮೊದಲೇ ಬರಿ ಹೊಟ್ಟೆಯಲ್ಲಿ ಹೊಲಕ್ಕೆ ಹೋಗುವವಳು. ಅವಳಿಗೆ ಡಾಕ್ಟರು ಹೇಳಿದ್ದು, "ನಿಮ್ಮ ಓಣಿ ನೀರ ಛಲೋ ಇಲ್ಲ." ನನಗಾದರೆ ನನ್ನ ಧರ್ಮ ಕಾರಣ, ಅವಳಿಗಾದರೆ ಅವಳ ಓಣಿ ಕಾರಣ. ಗುಳಿಗೆ ಮಾತ್ರ ಯಾವ ತಪ್ಪೂ ಮಾಡದ ಕೂಸು.

ಒಂದನ್ನು ಕೇಳುತ್ತೇನೆ, ಸುತ್ತಿ ಬಳಸಿ ಬರೆಯಬೇಡ. ನಿನಗೆ ಗೊತ್ತಿತ್ತೇ?

ರಾಜಮತಿ

*

ಪುಣೆ
26 ನವೆಂಬರ್ 2024

ಅಕ್ಕಾ,

ಗೊತ್ತಿರಲಿಲ್ಲ.

ಈ ಒಂದು ಶಬ್ದ ಬರೆದು ಮುಂದೆ ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಕಳೆದೆ. ಗೊತ್ತು ಮಾಡಿಕೊಂಡ ಮೇಲೇ ಬರೆಯೋಣ ಎಂದುಕೊಂಡೆ.

ಪರ್ವದ ಬಗ್ಗೆ ವಿಚಾರಿಸಿದ್ದೇನೆ ಎಂದು ಬರೆದಿದ್ದೆನಲ್ಲ, ಹೇಗೆ ವಿಚಾರಿಸಿದೆ ಎಂದು ಬರೆದಿರಲಿಲ್ಲ. ನಮ್ಮ ಸಾಹೇಬರು ಸಂಗ್ರಾಮ ಎಂದು, ಕೊಲ್ಹಾಪುರದವರು. ಸಭೆಯಲ್ಲಿ ಎಲ್ಲರೆದುರು ಕೇಳಿದ್ದೆ, ಆ ಭಾಗದಲ್ಲಿ ಜೈನ ಹೆಂಗಸರು ಬಹಳ ಇದ್ದಾರೆ, ಉಪವಾಸ ಹಿಡಿಯುತ್ತಾರೆ, ನಡೆಯುತ್ತದೆಯೇ ಎಂದು. "ಚಹಾ ಕುಡಿದು ಸತ್ತವರನ್ನು ನೀವು ನೋಡಿದ್ದೀರಾ ಮೇಡಂ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಕುಳಿತೆ. ನಿನಗೆ 'ತೊಂದರೆಯಿಲ್ಲವಂತೆ' ಎಂದು ಬರೆದೆ.

ನಿನ್ನ ಕಾಗದ ಬಂದ ದಿನ ಅವರ ಕೋಣೆಗೆ ಹೋದೆ. ಬರಿ ಹೊಟ್ಟೆಯ ಅಪಾಯ ನಿಮಗೆ ತಿಳಿದಿತ್ತೇ ಎಂದು ಕೇಳಿದೆ. ಅವರು ಬಾಗಿಲು ಹಾಕಲು ಹೇಳಿ, "ತಿಳಿಯದೆ ಏನು? ಆದರೆ ಲಿವರ್ ಎಂಬ ಶಬ್ದ ಹೇಳಿದರೆ ಯಾವ ಹೆಂಗಸು ಸೇರುತ್ತಾಳೆ?" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ನಡುವೆ ಎಲ್ಲರ ರಕ್ತಪರೀಕ್ಷೆ ಮಾಡಬೇಕಿತ್ತು. ಚಿಕ್ಕೋಡಿಯಲ್ಲಿ ಅದನ್ನು ಮಾಡಿಸಲೇ ಇಲ್ಲ ಎಂದೂ ಆಗಲೇ ತಿಳಿಯಿತು. ಮಾಡಿಸಿದ್ದರೆ ಆಗಸ್ಟಿನಲ್ಲೇ ನಿನ್ನನ್ನು ನಿಲ್ಲಿಸಬಹುದಿತ್ತು.

ಇಂಥ ಪ್ರಯೋಗಗಳಲ್ಲಿ ರೋಗಿಗಳ ಹಿತ ನೋಡಿಕೊಳ್ಳಲು ಒಂದು ನೈತಿಕ ಸಮಿತಿ ಇರುತ್ತದೆ. ಅವರಿಗೆ ನನ್ನ ಹೆಸರಿನಲ್ಲೇ ದೂರು ಬರೆದಿದ್ದೇನೆ, ನಿನ್ನದೂ ಸಪನಾಳದೂ ವಿಷಯ ಹಾಕಿದ್ದೇನೆ. ಸದ್ಯ ರಜೆಯ ಮೇಲಿದ್ದೇನೆ.

ಅಕ್ಟೋಬರಿನ ನನ್ನ ಕಾಗದವನ್ನು ಹರಿದು ಹಾಕು ಎಂದು ಕೇಳುವ ಹಕ್ಕು ನನಗಿಲ್ಲ.

ಸುಗಂಧಾ

*

ಅಥಣಿ
16 ಡಿಸೆಂಬರ್ 2024

ಸುಗಂಧಾ,

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿಯಲಿ ಎಂದು ಕಾದರೆ ಬರೆಯುವುದು ಬಹಳ ತಡವಾಗುತ್ತದೆ.

ನನ್ನನ್ನು ನೋಡಲು ಬಂದವರೆಲ್ಲ ಏನನ್ನುತ್ತಾರೆ ಗೊತ್ತೇ? "ಎಷ್ಟ ಹಗುರಾಗೀರಿ." "ಈಗ ವಯಸ್ಸ ಕಡಿಮಿ ಕಾಣತೈತಿ." ಕಾಗವಾಡದವರೂ ಬಂದರು. ಸುಹಾಸನ ತಾಯಿ ನನ್ನ ಕೈ ಹಿಡಿದು, "ಈಗ ನೋಡಾಕ ಚಂದ ಕಾಣ್ತೀರಿ, ನಮಗೀಗ ಚಿಂತಿ ಇಲ್ಲ" ಎಂದರು. ಕಾಜಲ ಅವರ ಮುಂದಿನ ತಾಟು ಎತ್ತಿಕೊಂಡು, "ನಮ್ಮ ಆಯಿ ಸಾವಿನ ಬಾಗಲದಿಂದ ತಿರುಗಿ ಬಂದಾಳ್ರಿ. ನಿಮಗ ಚಂದ ಕಾಣಾಕ ಅಲ್ಲ" ಎಂದಳು. ಮದುವೆಯ ಮಾತು ಅಲ್ಲಿಗೇ ನಿಂತಿತು. ಹುಡುಗ ಎರಡು ಸಲ ಫೋನು ಮಾಡಿ ಕ್ಷಮೆ ಕೇಳಿದ್ದಾನೆ. ಅವಳು ಇನ್ನೂ ಉತ್ತರ ಕೊಟ್ಟಿಲ್ಲ. ನಿನ್ನ ಭಾವ ಈಗ ತಮಾಷೆ ಮಾಡುವುದಿಲ್ಲ, ಸುಮ್ಮನೆ ನನ್ನ ತಾಟಿಗೆ ತುಪ್ಪ ಹಾಕುತ್ತಾರೆ.

ಇದಕ್ಕಿಂತ ದೊಡ್ಡದು ಬೇರೆ ಇದೆ. ಚಿಕ್ಕೋಡಿಯ ಕೇಂದ್ರದಿಂದ ಒಬ್ಬ ಫೋನು ಮಾಡಿ, "ಬಾಯಾರ, ನಮ್ಮಲ್ಲಿ ನಿಮ್ಮ ತೂಕನ ಎಲ್ಲಾರಕಿಂತ ಹೆಚ್ಚ ಇಳದೈತ್ರಿ. ನಿಪ್ಪಾಣಿಯೊಳಗ ಡಾಕ್ಟರಗೋಳ ಸಭಾ ಐತಿ. ಸ್ಟೇಜ್ ಮ್ಯಾಲ ಬಂದ ಎರಡ ಮಾತ ಹೇಳ್ರಿ" ಎಂದ. ನಾನು ಆಸ್ಪತ್ರೆಯಲ್ಲಿದ್ದದ್ದು ಅವನಿಗೆ ಗೊತ್ತೇ ಇಲ್ಲ. ಗೋಡೆ ಹಿಡಿದು ಹೋದ ದಿನ ನೋಡಿದ ತೂಕ ಅವರ ಲೆಕ್ಕದಲ್ಲಿ ಸೇರಿದೆ. ನನ್ನ ಕಾಯಿಲೆ ಎಣಿಕೆಗೆ ಬರಲಿಲ್ಲ, ಕಾಯಿಲೆಯಿಂದ ಇಳಿದ ಕಿಲೋಗಳು ಬಂದವು. ಬರುತ್ತೇನೆ ಎಂದೆ. ಸಪನಾಳನ್ನೂ ಕರೆದುಕೊಂಡು ಹೋದೆ.

ದೊಡ್ಡ ಹೋಟೆಲಿನ ಸಭಾಂಗಣ. ಪರದೆಯ ಮೇಲೆ ಕೆಳಗಿಳಿಯುವ ತೂಕದ ಗೆರೆ. ಚಿಕ್ಕೋಡಿಯ ಡಾಕ್ಟರು ಕೈಯಲ್ಲಿದ್ದ ಪಟ್ಟಿ ನೋಡಿ ನನ್ನನ್ನು ಮೇಲೆ ಕರೆದು ಚಪ್ಪಾಳೆ ಹೊಡೆಸಿದರು. ಕೈಗೆ ಮೈಕ್ ಬಂತು.

"ನಾನು ಸಣ್ಣಗಾಗಿದ್ದು ಖರೆ" ಎಂದೆ. "ಲಿವರ್ ಕೆಟ್ಟು ಮಿರಜಿನ್ಯಾಗ ಮಲಗಿದ್ದೆ. ಅಲ್ಲೆ ಕುಂತಾಳಲ್ಲ ಸಪನಾ, ಆಕಿ ಕಣ್ಣ ಇನ್ನೂ ಹಳದಿ ಅದಾವು, ಬಂದ ನೋಡ್ರಿ. ನಿಮ್ಮ ಪರದೆ ಮ್ಯಾಲಿನ ಗೆರಿಯೊಳಗ ನಾವಿಬ್ಬರೂ ಎಲ್ಲಿ ಅದೀವ್ರಿ ಡಾಕ್ಟರ?"

"ಬಾಯಾರ, ಅದರ ಬಗ್ಗೆ ಆಮ್ಯಾಲ ಕುಂತ ಮಾತಾಡೂನು."

"ಇಲ್ಲೇ ಮಾತಾಡೂನ್ರಿ. ತೂಕಾನ ಎಲ್ಲಾರ ಮುಂದ ಒದರಿ ಹೇಳ್ತಿದ್ರಿ. ಇದನ್ನೂ ಎಲ್ಲಾರ ಮುಂದ ಹೇಳ್ರಿ."

ಮೈಕ್ ಆರಿಹೋಯಿತು. ಯಾರೋ ಆರಿಸಿದರು. ಆಗ ಹಿಂದಿನ ಸಾಲಿನಿಂದ ನಮ್ಮ ಅಥಣಿಯ ವಯಸ್ಸಾದ ಹೆರಿಗೆ ಡಾಕ್ಟರು ಎದ್ದು ನಿಂತು, "ಮೈಕ್ ಹಚ್ಚ್ರಿ. ಅವರ ಮಾತ ಮುಗೀಲಿ" ಎಂದರು. ಯಾರೂ ಹಚ್ಚಲಿಲ್ಲ. ನಾನು ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದೆ, ಕೊನೆಯ ಬೆಂಚಿಗೂ ಕೇಳುವ ದನಿ. ಸಪನಾ ತಾನಾಗಿಯೇ ಎದ್ದು ಬಂದು ಪರದೆಯ ಬೆಳಕಿನಲ್ಲಿ ನಿಂತಳು, ಕಣ್ಣು ಅಗಲ ಮಾಡಿ. ಕೆಲವು ಡಾಕ್ಟರುಗಳು ಊಟಕ್ಕೆ ಎದ್ದು ಹೋದರು. ಕೆಲವರು ಕುಳಿತರು.

ನಿನ್ನ ಸಮಿತಿಯವರು ಜನವರಿ ಮೊದಲಲ್ಲಿ ಚಿಕ್ಕೋಡಿಗೆ ವಿಚಾರಣೆಗೆ ಬರುತ್ತಾರಂತೆ. ನೀನು ಬಾ. ಆಗಸ್ಟಿನ ಸಭೆಯಲ್ಲಿ ನೀನು ಕೇಳಿದ್ದನ್ನೂ ಅವರು ನಕ್ಕದ್ದನ್ನೂ ಎದ್ದು ನಿಂತು ಹೇಳು. ನನ್ನ ತಂಗಿಯಾಗಿ ಬರಬೇಡ. ಒಳಗಿನದು ಗೊತ್ತಿರುವವಳಾಗಿ ಬಾ.

ರಾಜಮತಿ

*

ಪುಣೆ
27 ಡಿಸೆಂಬರ್ 2024

ಅಕ್ಕಾ,

ಬರುತ್ತೇನೆ. ಕುಡಚಿಯಲ್ಲಿ ರೈಲು ಇಳಿಯುತ್ತೇನೆ, ಕಾಜಲಳನ್ನು ಕಳಿಸು.

ರಜೆ ಎಂದು ಬರೆದದ್ದು ನಿಜವಲ್ಲ. ದೂರು ಕೊಟ್ಟ ವಾರವೇ ನನ್ನನ್ನು ತೆಗೆದರು. ನಿನ್ನ ತಲೆಯ ಮೇಲೆ ಇದನ್ನೂ ಹೊರಿಸಬಾರದೆಂದು ಮುಚ್ಚಿಟ್ಟೆ. ಇಬ್ಬರೂ ಇನ್ನು ಇಂಥ ಉಪಕಾರ ಮಾಡುವುದು ಬೇಡ.

ಸುಗಂಧಾ

*

ಅಥಣಿ
26 ಜನವರಿ 2025

ಸುಗಂಧಾ,

ಸಮಿತಿಯ ತೀರ್ಮಾನ ಬಂತು. ಚಿಕ್ಕೋಡಿಯಲ್ಲಿ ಪ್ರಯೋಗ ನಿಲ್ಲಿಸಬೇಕು, ಕಾಯಿಲೆ ಬಿದ್ದವರ ಚಿಕಿತ್ಸೆಯ ಖರ್ಚೆಲ್ಲ ಕಂಪನಿಯೇ ಕೊಡಬೇಕು, ಗುಳಿಗೆ ನುಂಗಿದ ಪ್ರತಿಯೊಬ್ಬಳ ರಕ್ತ ಪರೀಕ್ಷಿಸಬೇಕು. ಡಾಕ್ಟರಿಗೆ ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ಅವರು ಎಂದಿನಂತೆ ದವಾಖಾನೆ ತೆರೆದಿದ್ದಾರೆ. ನಿನ್ನ ಸಾಹೇಬರಿಗೆ ಏನೂ ಇಲ್ಲ. ಇದನ್ನು ಗೆಲುವು ಎಂದು ಅಭಿನಂದಿಸಿದವರಿಗೆ ನಾನು ಉತ್ತರ ಕೊಡಲಿಲ್ಲ.

ವಿಚಾರಣೆಯಲ್ಲಿ ನೀನು ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ನೀನೂ ನಕ್ಕು ಕುಳಿತದ್ದನ್ನು ಬಿಡಲಿಲ್ಲ. ನನ್ನ ಸಿಟ್ಟು ಅಲ್ಲಿ ಇಳಿಯಿತು. ಎದುರಿಗೆ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

ತೀರ್ಮಾನ ಬಂದ ಮರುದಿನ ಸಪನಾ ಫೋನು ಮಾಡಿದಳು. "ಅಕ್ಕೋರ, ನಮ್ಮ ಊರಾಗ ಇನ್ನೂ ಇಬ್ಬರು ಗುಳಿಗಿ ನುಂಗಾಕತ್ತಾರ್ರಿ. ಕೇಂದ್ರದಿಂದ ಯಾರೂ ಬಂದ ಹೇಳಿಲ್ಲ. ನನ್ನ ಮಾತ ಕೇಳೂದಿಲ್ಲ, ನೀವು ಬರ್ರಿ." ಕಾಜಲ ಸ್ಕೂಟರಿನಲ್ಲಿ ಒಯ್ದಳು. ಮೊದಲನೆಯವಳು ಡಬ್ಬಿಯನ್ನು ತಕ್ಷಣ ಕೊಟ್ಟಳು, ಹೆದರಿ ಅತ್ತಳು. ಅವಳನ್ನು ರಕ್ತಪರೀಕ್ಷೆಗೆ ಸಪನಾ ಕರೆದುಕೊಂಡು ಹೋದಳು.

ಎರಡನೆಯವಳ ಹೆಸರು ಪೂನಮ. ಕಾಜಲಳಿಗಿಂತ ಎರಡೋ ಮೂರೋ ವರ್ಷ ದೊಡ್ಡವಳಿರಬಹುದು. ಹೊಸ್ತಿಲ ಮೇಲೆ ಬಾಗಿಲಿಗೆ ಅಡ್ಡ ನಿಂತು ಮಾತಾಡಿದಳು.

"ನಂಗೇನೂ ಆಗಿಲ್ರಿ. ನಾನು ಸಣ್ಣಾಗಾಕತ್ತೀನಿ."

"ನಂಗೂ ಮೊದಲ ಹಂಗ ಅನಿಸಿತ್ತವಾ. ಒಮ್ಮೆ ರಕ್ತ ತೋರಿಸು."

"ರಕ್ತದಾಗ ಏನಾರ ಬಂದ್ರ ಗುಳಿಗಿ ಬಂದ್ ಮಾಡ್ತಾರಲ್ರಿ?"

"ಮಾಡಬೇಕವಾ."

"ಹಂಗಾರ ತೋರಿಸೂದಿಲ್ರಿ. ಉಗಾದಿಯೊಳಗ ಮೈ ಇಳೀಲಿಲ್ಲಂದ್ರ ಬ್ಯಾರೆ ಲಗ್ನ ಆಗ್ತೀನಿ ಅಂದಾನ್ರಿ ನನ್ನ ಗಂಡ. ನಿಮ್ಮ ಕಮಿಟಿಯವರು ಬಂದ ಅವಂಗ ಬಂದ್ ಮಾಡ ಅಂತಾರೇನ್ರಿ?"

ಅವಳ ಕಣ್ಣಿನ ಬಿಳಿಯಲ್ಲಿ ಒಂದು ತೆಳುವಾದ ಬಣ್ಣ ಕಂಡಿತು. ಬಿಸಿಲಿನದೋ ಕಾಯಿಲೆಯದೋ ಹೇಳಲಾರೆ. "ನಿನ್ನ ಗಂಡ ಎಷ್ಟೊತ್ತಿಗೆ ಬರ್ತಾನ?" ಎಂದು ಕೇಳಿದೆ. ಕಾರ್ಖಾನೆಯಿಂದ ಸಂಜೆಗೆ ಎಂದಳು. ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕಾಜಲಳೂ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಪೂನಮ ಒಳಗಿನಿಂದ ಎರಡು ಲೋಟ ನೀರು ತಂದಿಟ್ಟಳು, ಬಾಗಿಲು ಮಾತ್ರ ಅರ್ಧವೇ ತೆರೆದಿಟ್ಟಳು.

ಅವನು ಬಂದ. ಮಾತಾಡಿದೆ. ಮೊದಲ ದಿನ ಅವನು ನಕ್ಕ, ಎರಡನೆಯ ದಿನ ರೇಗಿದ. ನಾಳೆ ಶಾಲೆ ಬಿಟ್ಟ ಮೇಲೆ ಮತ್ತೆ ಹೋಗುತ್ತೇನೆ. ಸಪನಾ ತನ್ನ ಓಣಿಯ ಹೆಂಗಸರನ್ನೆಲ್ಲ ಕರೆತರುತ್ತಾಳಂತೆ.

ಅಕ್ಕ